ಮೀಟಿಂಗ್‌ನಲ್ಲಿ ಬಾಯಿ ಕಟ್ಟಿದಾಗ

ಬೆಳಿಗ್ಗೆ ಹತ್ತರ ಮೀಟಿಂಗ್. ನಿಮ್ಮ ಸರದಿಗೆ ಇನ್ನು ಇಬ್ಬರಿದ್ದಾರೆ. ಆ ಇಬ್ಬರು ಏನು ಹೇಳಿದರೋ ನಿಮ್ಮ ಕಿವಿಗೆ ಬಿದ್ದಿಲ್ಲ. ನೀವು ಒಳಗೊಳಗೇ ಕನ್ನಡದ ವಾಕ್ಯವನ್ನು ಇಂಗ್ಲಿಷಿಗೆ ತಿರುಗಿಸುತ್ತ, 'ಹ್ಯಾಸ್' ಬರಬೇಕೋ 'ಹ್ಯಾವ್' ಬರಬೇಕೋ ಎಂದು ತಡಕಾಡುತ್ತಿದ್ದಿರಿ. ಹೆಸರು ಕರೆದ ಕೂಡಲೇ "ಆಲ್ಮೋಸ್ಟ್ ಡನ್" ಎಂದು ಮುಗಿಸಿಬಿಟ್ಟಿರಿ. ಮೂರು ದಿನ ಕೂತು ಬಗೆಹರಿಸಿದ ತೊಡಕಿನ ಸುದ್ದಿ ಯಾರಿಗೂ ತಲುಪಲಿಲ್ಲ.

ಇಂಥವರಿಗೆ ಸಿಗುವ ಸಲಹೆ ಒಂದೇ: "ಕಾನ್ಫಿಡೆನ್ಸ್ ಬೆಳೆಸ್ಕೋ." ಅದು ಯಾವ ಅಂಗಡಿಯಲ್ಲಿ ಸಿಗುತ್ತದೆಂದು ಮಾತ್ರ ಯಾರೂ ಹೇಳುವುದಿಲ್ಲ. ಮೊದಲು ಧೈರ್ಯ ಬರಲಿ, ಆಮೇಲೆ ಮಾತಾಡುತ್ತೇನೆ ಎಂಬ ಲೆಕ್ಕವೇ ತಲೆಕೆಳಗು. 'ಇದು ನನ್ನಿಂದಾಗುತ್ತದೆ' ಎಂಬ ನಂಬಿಕೆ ನಾಲ್ಕು ಕಡೆಯಿಂದ ಬರುತ್ತದೆ ಎಂದು ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರಾ 1977ರಲ್ಲಿ ಬರೆದರು: ಸ್ವತಃ ಮಾಡಿ ಗೆದ್ದದ್ದು, ನಮ್ಮಂಥವರೇ ಮಾಡಿದ್ದನ್ನು ಕಂಡದ್ದು, ಬೇರೆಯವರ ಮಾತು, ನಮ್ಮ ಮೈಯ ಸ್ಥಿತಿ. ಇವುಗಳಲ್ಲಿ ಮೊದಲನೆಯದಕ್ಕೇ ಬಲ ಹೆಚ್ಚು. "ನಿನ್ ಕೈಲಿ ಆಗತ್ತೆ ಬಿಡು" ಎಂದು ಬೆನ್ನು ತಟ್ಟಿದ್ದು ಮಧ್ಯಾಹ್ನದ ಊಟದ ತನಕವೂ ಬಾಳುವುದಿಲ್ಲ.

ಮೊದಲಿಗೆ ಒಂದು ಪರೀಕ್ಷೆ ಮಾಡಿಕೊಳ್ಳಿ. ಅದೇ ವಿಷಯವನ್ನು ಕ್ಯಾಂಟೀನಿನಲ್ಲಿ ಗೆಳೆಯನಿಗೆ ಕನ್ನಡದಲ್ಲಿ ಬಿಡಿಸಿ ಹೇಳಲು ಬರುತ್ತದೆಯೇ? ಬಂದರೆ ನಿಮಗಿರುವುದು ಅಂಜಿಕೆ. ಬಾರದಿದ್ದರೆ ವಿಷಯವೇ ಇನ್ನೂ ಹಿಡಿತಕ್ಕೆ ಸಿಕ್ಕಿಲ್ಲ, ಅದನ್ನು ಕೇಳಿ ಕಲಿಯಬೇಕು. ಈ ಎರಡನ್ನು ಒಂದೇ ಎಂದುಕೊಂಡ ಬುದ್ಧಿವಂತರು ಕೋರ್ಸಿನ ಮೇಲೆ ಕೋರ್ಸ್ ಮಾಡುತ್ತಾರೆ. ಸರ್ಟಿಫಿಕೇಟು ಹೆಚ್ಚುತ್ತದೆ, ಬಾಯಿ ಇದ್ದಲ್ಲೇ ಇರುತ್ತದೆ.

ಅಂಜಿಕೆಯಾದರೆ ಏಣಿ ಹಾಕಿ. ಒಂದು ಹಾಳೆಯಲ್ಲಿ ಎಂಟು-ಹತ್ತು ಸಂದರ್ಭ ಬರೆದು, ಒಂದೊಂದಕ್ಕೂ 0ಯಿಂದ 100ರೊಳಗೆ ಭಯದ ಅಂಕ ಕೊಡಿ. ಟೀಮ್ ಚಾಟಿನಲ್ಲಿ ಪ್ರಶ್ನೆ ಹಾಕುವುದು 20 ಇರಬಹುದು. ಟೀಮ್ ಲೀಡ್ ಟೇಬಲ್ ಹತ್ತಿರ ಹೋಗಿ ಕೇಳುವುದು 35, ಐದು ಜನರ ಮೀಟಿಂಗಿನಲ್ಲಿ ಪೂರ್ತಿ ಅಪ್‌ಡೇಟ್ ಕೊಡುವುದು 50, ಮ್ಯಾನೇಜರ್ ಹೇಳಿದ್ದನ್ನು ಒಪ್ಪದೆ ಕಾರಣ ಕೊಡುವುದು 75, ಕ್ಲೈಂಟ್ ಮುಂದೆ ಡೆಮೊ 90. ಮೂವತ್ತು-ನಲವತ್ತರ ಮೆಟ್ಟಿಲಿನಿಂದ ಹತ್ತಲು ಶುರುಮಾಡಿ. ವಾರಕ್ಕೆ ಮೂರು ನಾಲ್ಕು ಸಲ ಅದನ್ನೇ ಮಾಡಿ, ಅಂಕ ಹೆಚ್ಚುಕಡಿಮೆ ಅರ್ಧಕ್ಕೆ ಇಳಿದ ಮೇಲೆ ಮುಂದಿನದಕ್ಕೆ ಕಾಲಿಡಿ. ಹುಮ್ಮಸ್ಸಿನಲ್ಲಿ ನೇರ ತೊಂಬತ್ತಕ್ಕೆ ಹಾರಿ ಬಿದ್ದವರು ಏಣಿಯನ್ನೇ ಬೈಯುತ್ತಾರೆ. ಹದಿನೈದು ದಿನಕ್ಕೊಮ್ಮೆ ಮಾಡಿದರೆ ನಡುವೆ ಭಯ ಮತ್ತೆ ಚಿಗುರಬಹುದು.

ಪ್ರತಿ ಸಲವೂ ಮೊದಲು ಒಂದು ಸಾಲು, ಆಮೇಲೆ ಒಂದು ಸಾಲು ಬರೆಯಿರಿ. ಮೊದಲು: 'ತೊದಲಿದರೆ ಎಲ್ಲರೂ ನಗುತ್ತಾರೆ.' ಆಮೇಲೆ: 'ತೊದಲಿದೆ. ಯಾರೂ ನಗಲಿಲ್ಲ. ಒಬ್ಬರು ಟಿಕೆಟ್ ನಂಬರ್ ಕೇಳಿದರು.' ಬರೆಯದೆ ಬಿಟ್ಟರೆ ಸಂಜೆಯ ಹೊತ್ತಿಗೆ ಮನಸ್ಸು ತೊದಲಿದ್ದನ್ನಷ್ಟೇ ಉಳಿಸಿಕೊಂಡು ಉಳಿದದ್ದನ್ನು ಅಳಿಸಿಹಾಕಿರುತ್ತದೆ. ಮನಶ್ಶಾಸ್ತ್ರಜ್ಞ ಥಾಮಸ್ ಗಿಲೋವಿಚ್ ಮತ್ತು ಸಂಗಡಿಗರು 2000ದಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ, ಮುಜುಗರ ತರಿಸುವ ಟಿ-ಶರ್ಟ್ ತೊಟ್ಟು ಕೋಣೆಗೆ ಹೋದ ವಿದ್ಯಾರ್ಥಿಗಳು ಅಲ್ಲಿದ್ದ ಅರ್ಧದಷ್ಟು ಜನ ಅದನ್ನು ಗಮನಿಸಿದರು ಎಂದುಕೊಂಡಿದ್ದರು. ನಿಜಕ್ಕೂ ಗಮನಿಸಿದ್ದು ಕಾಲು ಭಾಗದಷ್ಟು ಜನ. ನಿಮ್ಮ ಮೀಟಿಂಗಿನಲ್ಲೂ ಮಿಕ್ಕವರು ತಮ್ಮ ಸರದಿಯ ಚಿಂತೆಯಲ್ಲೇ ಇರುತ್ತಾರೆ.

ಏಣಿ ಹತ್ತಿಯೂ ಭಯ ಇಳಿಯದಿದ್ದರೆ ಊರುಗೋಲು ಹುಡುಕಿ. ಕ್ಯಾಮೆರಾ ಆಫ್ ಮಾಡುವುದು, ಚೀಟಿಯಲ್ಲಿ ಬರೆದಿಟ್ಟದ್ದನ್ನು ಅಕ್ಷರಶಃ ಓದುವುದು, ರೈಲು ಓಡಿದಂತೆ ಗಡಿಬಿಡಿಯಲ್ಲಿ ಮಾತಾಡುವುದು, "ಸಾರಿ, ಸಿಲ್ಲಿ ಡೌಟು" ಎಂದು ಶುರುಮಾಡುವುದು, ಇವೆಲ್ಲ ಊರುಗೋಲುಗಳೇ. ಮಾತು ಚೆನ್ನಾಗಿ ಹೋದರೂ 'ಚೀಟಿ ಇತ್ತು, ಬಚಾವಾದೆ' ಎಂದು ಮನಸ್ಸು ಗೆಲುವನ್ನು ಚೀಟಿಯ ಲೆಕ್ಕಕ್ಕೆ ಬರೆಯುತ್ತದೆ. ಈ ಊರುಗೋಲುಗಳನ್ನು ವಾರಕ್ಕೊಂದರಂತೆ ಬಿಡಿ. ಚೀಟಿ ಬೇಕೇ ಬೇಕೆಂದರೆ ಮೂರು ಪದಗಳಷ್ಟೇ ಇರಲಿ: ಏನು ಮುಗಿದಿದೆ, ಎಲ್ಲಿ ನಿಂತಿದೆ, ಯಾರಿಂದ ಏನು ಬೇಕು ಎಂಬುದಕ್ಕೆ ಒಂದೊಂದು. ಎದುರಿಗಿರುವವರಿಗೆ ಕನ್ನಡ ಬರುವಾಗ ಕನ್ನಡದಲ್ಲೇ ಹೇಳಿ. ಬೆಂಗಳೂರಿನಲ್ಲಿ ಕೂತ ಐವರು ಕನ್ನಡಿಗರು ಇಂಗ್ಲಿಷಿನಲ್ಲಿ ತಡವರಿಸುವುದರಿಂದ ಕೋಡ್ ಬೇಗ ಓಡುವುದಿಲ್ಲ.

ಮೈಯ ಕಡೆಗೂ ಸ್ವಲ್ಪ ನೋಡಿ. ಮೀಟಿಂಗಿಗೆ ಮೊದಲಿನ ಎರಡನೇ ಲೋಟ ಫಿಲ್ಟರ್ ಕಾಫಿ ಎದೆಬಡಿತ ಏರಿಸಬಹುದು, ಅದನ್ನೇ ನೀವು ಭಯವೆಂದು ಓದಿಕೊಳ್ಳುತ್ತೀರಿ. ಅದರ ಬದಲು ನಾಲ್ಕು ಎಣಿಸುತ್ತ ಉಸಿರು ಎಳೆದು, ಆರು ಎಣಿಸುತ್ತ ಬಿಡಿ, ಎರಡು ನಿಮಿಷ.

ಶುಕ್ರವಾರ ಸಂಜೆ ಹತ್ತು ನಿಮಿಷ ತೆಗೆದಿಟ್ಟು ಆ ವಾರ ಮಾಡಿದ ಮೂರು ಕೆಲಸ ಬರೆದಿಡಿ, ಪ್ರತಿಯೊಂದಕ್ಕೂ 'ನಾನು' ಕರ್ತೃವಾಗಿರಲಿ. 'ಬಗ್ ಫಿಕ್ಸ್ ಆಯಿತು' ಎಂದರೆ ತಾನಾಗಿ ಆದಂತೆ. ಗೆದ್ದದ್ದನ್ನು ಅದೃಷ್ಟಕ್ಕೆ ಒಪ್ಪಿಸಿ, ಒಂದು ದಿನ ಸಿಕ್ಕಿಬೀಳುತ್ತೇನೆ ಎಂದು ಹೆದರುವುದನ್ನು ಮನಶ್ಶಾಸ್ತ್ರಜ್ಞೆಯರಾದ ಪಾಲಿನ್ ಕ್ಲಾನ್ಸ್ ಮತ್ತು ಸುಝಾನ್ ಐಮ್ಸ್ 1978ರಲ್ಲೇ ಸಾಧಕ ಮಹಿಳೆಯರಲ್ಲಿ ಗುರುತಿಸಿದ್ದರು. ಅಪ್ರೈಸಲ್ ಫಾರ್ಮ್ ತುಂಬುವಾಗ ಈ ಪಟ್ಟಿ ಹೇಗೂ ಬೇಕಾಗುತ್ತದೆ.

ತಪ್ಪಾದಾಗಲೆಲ್ಲ ಎಲ್ಲರೆದುರು ಕೂಗಾಡುವ ಮ್ಯಾನೇಜರ್ ಇದ್ದಲ್ಲಿ ಮಾತ್ರ ಈ ಏಣಿ ನಿಲ್ಲುವುದಿಲ್ಲ. ಅಲ್ಲಿ ನಿಮ್ಮ ಭಯ ಸರಿಯಾಗಿಯೇ ಕೆಲಸ ಮಾಡುತ್ತಿದೆ. ಬದಲಾಗಬೇಕಾದದ್ದು ಟೀಮು, ಇಲ್ಲವೇ ಕೆಲಸ.

ಆರು ತಿಂಗಳಾದರೂ ಮೀಟಿಂಗ್ ಇದೆಯೆಂದು ರಜೆ ಹಾಕುವುದು, ಬಂದ ಬಡ್ತಿ ಬಿಡುವುದು ನಡೆದಿದ್ದರೆ ಆಪ್ತಸಮಾಲೋಚಕರನ್ನೋ ಮನೋವೈದ್ಯರನ್ನೋ ಕಾಣಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416 ಉಚಿತ, ಕನ್ನಡದಲ್ಲೂ ಮಾತಾಡಬಹುದು. ಗೆಳೆಯರು ಹೇಳಿದರೆಂದು ಎದೆಬಡಿತ ತಗ್ಗಿಸುವ ಪ್ರೊಪ್ರಾನೊಲಾಲ್ ಮಾತ್ರೆ ನುಂಗಿ ಪ್ರೆಸೆಂಟೇಶನ್‌ಗೆ ಹೋಗಬೇಡಿ. ಆಸ್ತಮಾ ಇರುವವರಿಗೆ ಅದು ಉಸಿರುಗಟ್ಟಿಸಬಲ್ಲದು.