ಹ್ಯಾಂಡಲ್‌ನಿಂದ ಆಫ್‌ಸೆಟ್‌ಗೆ: ಸಿಎನ್‌ಸಿ ಬಂದ ದಾರಿ, ಸೆಟರ್‌ಗೆ ಬಂದ ಬೆಲೆ

ಸಿಎನ್‌ಸಿ (ಕಂಪ್ಯೂಟರ್ ಓಡಿಸುವ ಲೇತ್, ಮಿಲ್ಲಿಂಗ್ ಮಷಿನ್) ಎಂದರೆ ಬಟನ್ ಒತ್ತುವ ಕೆಲಸ ಎಂಬ ಮಾತು ಐಟಿಐ ಮುಗಿಸಿದ ಹುಡುಗರ ಬಾಯಲ್ಲೂ ಬರುತ್ತದೆ. ಹಾಗೆ ನಂಬಿದವರು ಸೈಕಲ್ ಸ್ಟಾರ್ಟ್ ಬಟನ್ ಬಳಿಯೇ ಉಳಿದುಬಿಡುತ್ತಾರೆ. ಲೇತ್ ಓಡಿಸುವ ಟರ್ನರ್‌ನ ಕೈಚಳಕ ಮಾಯವಾಗಿಲ್ಲ, ಜಾಗ ಬದಲಿಸಿದೆ ಅಷ್ಟೇ.

ಅಮೆರಿಕದ ಜಾನ್ ಪಾರ್ಸನ್ಸ್ ಹೆಲಿಕಾಪ್ಟರ್ ಬ್ಲೇಡ್ ತಯಾರಿಸುತ್ತಿದ್ದವರು. ಬ್ಲೇಡಿನ ವಕ್ರಕ್ಕೆ ಟೆಂಪ್ಲೇಟ್ ಕೊರೆಯಲು ಅವರಲ್ಲಿ ಬಿಂದುಗಳನ್ನು ಮೊದಲೇ ಲೆಕ್ಕಹಾಕಿ ಇಡುತ್ತಿದ್ದರು. ಒಬ್ಬ ಅಂಕಿ ಓದಿದರೆ ಇನ್ನಿಬ್ಬರು ಎಕ್ಸ್, ವೈ ಹ್ಯಾಂಡಲ್ ತಿರುಗಿಸುತ್ತಿದ್ದರು. ಆ ಹ್ಯಾಂಡಲ್ ಹಿಡಿದ ಕೈಗಳ ಬದಲು ಮೋಟಾರು ಬಂದದ್ದೇ ಎನ್‌ಸಿ, ಅಂದರೆ ಅಂಕಿಗಳಿಂದ ಮಷಿನ್ ನಡೆಸುವ ವಿಧಾನ. 1952ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ರಂಧ್ರ ಹೊಡೆದ ಟೇಪ್ ಓದಿಕೊಂಡು ಮಿಲ್ಲಿಂಗ್ ಮಷಿನ್ ಓಡಿತು. 1970ರ ದಶಕದಲ್ಲಿ ಮೈಕ್ರೊಪ್ರೊಸೆಸರ್ ಸೇರಿ ಸಣ್ಣ ವರ್ಕ್‌ಶಾಪ್‌ಗೂ ಸಿಎನ್‌ಸಿ ಕೊಳ್ಳುವ ದಾರಿ ತೆರೆಯಿತು.

ಬೆಂಗಳೂರಿನಲ್ಲಿ ನೆಲ ಆಗಲೇ ಹದವಾಗಿತ್ತು. 1953ರಲ್ಲಿ ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ನೆರವಿನಿಂದ ಎಚ್‌ಎಂಟಿ, 1961ರಲ್ಲಿ ಬಿಎಫ್‌ಡಬ್ಲ್ಯು (ಎರಡೂ ಮಷಿನ್ ತಯಾರಕ ಕಂಪನಿಗಳು), 1962ರಲ್ಲಿ ತುಮಕೂರು ರಸ್ತೆಯ ಸಿಎಂಟಿಐ (ಮಷಿನ್ ಸಂಶೋಧನೆ, ಪರೀಕ್ಷೆಯ ಸಂಸ್ಥೆ), 1972ರಲ್ಲಿ ಡೆನ್ಮಾರ್ಕ್ ಸಹಕಾರದ ಜಿಟಿಟಿಸಿ (ತರಬೇತಿ ಕೇಂದ್ರ), 1979ರಲ್ಲಿ ಮಷಿನ್ ತಯಾರಕ ಏಸ್ ಬಂದವು. ಮಷಿನ್ ಮಾಡುವವರು, ಅದನ್ನು ಪರೀಕ್ಷಿಸುವವರು, ಓಡಿಸಲು ಕಲಿಸುವವರು ಒಂದೇ ಊರಿನಲ್ಲಿ ಸೇರಿದ್ದು ಪೀಣ್ಯ ಕೈಗಾರಿಕಾ ಪ್ರದೇಶದ ಬೆಳವಣಿಗೆಗೆ ದೊಡ್ಡ ಬಲ.

ಇನ್ನು ಸೆಟರ್‌ನ, ಅಂದರೆ ಟೂಲ್ ಕೂರಿಸಿ ಮಷಿನ್ ಹೊಂದಿಸುವವನ ಕೆಲಸ. ಡ್ರಾಯಿಂಗ್‌ನಲ್ಲಿ 25 ಎಚ್6 (ಸಣ್ಣ ಅಕ್ಷರದ h; 25 ಮಿ.ಮೀ. ವ್ಯಾಸಕ್ಕೆ ಅಳತೆಯ ಮಿತಿ) ಶಾಫ್ಟ್ ಇದೆ ಎನ್ನಿ. ಗರಿಷ್ಠ 25.000, ಕನಿಷ್ಠ 24.987 ಮಿ.ಮೀ.; ಸಿಗುವ ಜಾಗ 13 ಮೈಕ್ರಾನ್ (0.013 ಮಿ.ಮೀ.). ಮೊದಲ ಜಾಬ್ (ಕಟ್ ಮಾಡಿದ ಭಾಗ) ಮೈಕ್ರೊಮೀಟರ್‌ನಲ್ಲಿ 25.006 ತೋರಿಸಿದರೆ ಆ ಟೂಲ್‌ನ ವೇರ್ ಆಫ್‌ಸೆಟ್‌ನಲ್ಲಿ (ಟೂಲ್ ಸವೆತಕ್ಕೆ ತಿದ್ದುಪಡಿ ಹಾಕುವ ಪಟ್ಟಿ) ವ್ಯಾಸದ ದಿಕ್ಕಾದ ಎಕ್ಸ್‌ಗೆ ಮೈನಸ್ 0.012 ಕೊಟ್ಟು ಅಳತೆಯನ್ನು ನಡುಮಧ್ಯಕ್ಕೆ ತರಬೇಕು. ಚಿಹ್ನೆ ತಪ್ಪಿ ಪ್ಲಸ್ ಆದರೆ ಶಾಫ್ಟ್ ದಪ್ಪವಾಗುತ್ತದೆ, ಮತ್ತೆ ಕಟ್ ಹಾಕಬಹುದು. ಬೋರ್‌ನಲ್ಲಿ ಅದೇ ತಪ್ಪಾದರೆ ರಂಧ್ರ ದೊಡ್ಡದಾಗಿ ಜಾಬ್ ರಿಜೆಕ್ಟ್. ಕಟ್ ಮುಗಿದ ಕೂಡಲೇ, ಬಿಸಿ ಇರುವಾಗಲೇ ಅಳೆಯುವುದೂ ಮೋಸ: 100 ಮಿ.ಮೀ. ವ್ಯಾಸದ ಉಕ್ಕು 10 ಡಿಗ್ರಿ ತಣಿದರೆ ಸುಮಾರು 11 ಮೈಕ್ರಾನ್ ಕುಗ್ಗುತ್ತದೆ.

ಅಪಾಯದ ತಪ್ಪುಗಳು ಪ್ರೋಗ್ರಾಂನಲ್ಲಿವೆ. ಫ್ಯಾನಕ್ ಕಂಪನಿಯ ಹಲವು ಕಂಟ್ರೋಲ್‌ಗಳಲ್ಲಿ ದಶಮಾಂಶ ಬಿಂದು ಬಿಟ್ಟು ‘ಎಕ್ಸ್25’ ಎಂದರೆ ಮಷಿನ್ ಅದನ್ನು 0.025 ಮಿ.ಮೀ. ಎಂದು ಓದುತ್ತದೆ, ಟೂಲ್ ನೇರ ಜಾಬ್‌ಗೆ ನುಗ್ಗುತ್ತದೆ. ಕಟಿಂಗ್ ಸ್ಪೀಡ್ ಒಂದೇ ಇರಿಸುವ ಜಿ96 ಆದೇಶದಲ್ಲಿ ಅದನ್ನು ನಿಮಿಷಕ್ಕೆ 200 ಮೀಟರ್ ಇಟ್ಟರೆ 50 ಮಿ.ಮೀ. ವ್ಯಾಸದಲ್ಲಿ ಸ್ಪಿಂಡಲ್ ನಿಮಿಷಕ್ಕೆ ಸುಮಾರು 1,270 ಸುತ್ತು. ಫೇಸಿಂಗ್‌ನಲ್ಲಿ (ತುದಿಯ ಮುಖ ಸಮ ಮಾಡುವಾಗ) ಟೂಲ್ 10 ಮಿ.ಮೀ.ಗೆ ಬರುವಾಗ 6,360 ದಾಟುತ್ತದೆ. ಜಿ50 ಆದೇಶದಿಂದ ಗರಿಷ್ಠ ವೇಗಕ್ಕೆ ಮಿತಿ ಹಾಕದಿದ್ದರೆ ಜಾಬ್ ಕಚ್ಚಿಹಿಡಿಯುವ ಚಕ್‌ನ ಹಿಡಿತ ಸಡಿಲಗೊಂಡು ಜಾಬ್ ಹಾರಬಹುದು. ಹೊಸ ಪ್ರೋಗ್ರಾಂ ಅನ್ನು ಸಿಂಗಲ್ ಬ್ಲಾಕ್‌ನಲ್ಲಿ (ಒಂದೊಂದೇ ಸಾಲಾಗಿ), ರ‍್ಯಾಪಿಡ್ (ಕಟ್ ಇಲ್ಲದ ವೇಗದ ಓಟ) ತಗ್ಗಿಸಿ ಓಡಿಸದೆ ಬಿಡಲೇಬಾರದು.

ಎಸ್ಸೆಸ್ಸೆಲ್ಸಿ ಮುಗಿಸಿದವರಿಗೆ ಎರಡು ವರ್ಷದ ಐಟಿಐ ಟರ್ನರ್ ಅಥವಾ ಮೆಷಿನಿಸ್ಟ್ ಟ್ರೇಡ್ ಇದೆ, ಜಿಟಿಟಿಸಿಯ ಟೂಲ್ ಅಂಡ್ ಡೈ ಮೇಕಿಂಗ್ ಡಿಪ್ಲೊಮಾ ಇದೆ. ಖಾಸಗಿ ಕೋರ್ಸ್‌ಗೆ ದುಡ್ಡು ಕಟ್ಟುವ ಮುನ್ನ ಇಷ್ಟು ಕೇಳಿ: ಟೂಲ್ ಆಫ್‌ಸೆಟ್ ತೆಗೆಯುವುದು, ಸಾಫ್ಟ್ ಜಾ (ಚಕ್‌ನ ಮೆದು ಹಿಡಿಕೆ) ಬೋರ್ ಮಾಡುವುದು, ಬೋರ್ ಡಯಲ್ ಗೇಜ್‌ನಲ್ಲಿ ರಂಧ್ರ ಅಳೆಯುವುದು ಇವನ್ನು ವಿದ್ಯಾರ್ಥಿಯ ಕೈಯಿಂದಲೇ ಮಾಡಿಸುತ್ತಾರೆಯೇ? ಕಂಪ್ಯೂಟರ್ ಪರದೆಯ ಸಿಮ್ಯುಲೇಟರ್ ಮಾತ್ರ ಇದ್ದರೆ ಆ ಕೋರ್ಸ್ ಬೇಡ.