ಏಟೇ ಬೀಳದೆ ಮೂಳೆ ಹೇಗೆ ಬಿರುಕು ಬಿಡುತ್ತೆ?

ಪ್ರಶ್ನೆ: ಬಿದ್ದಿಲ್ಲ, ಏಟಾಗಿಲ್ಲ, ಬರೀ ಓಡಿದ್ದಕ್ಕೇ ಕಾಲಲ್ಲಿ ಸ್ಟ್ರೆಸ್ ಫ್ರಾಕ್ಚರ್, ಅಂದ್ರೆ ಮೂಳೇಲಿ ಸಣ್ಣ ಬಿರುಕು ಅಂದ್ರು. ಹಂಗಾದ್ರೆ ದಿನಾ ವೈಬ್ರೇಷನ್ ಇರೋ ಗಾಡೀಲಿ ಕೂತ್ರೂ ಮೂಳೆ ಹಾಳಾಗುತ್ತಾ?

ಉತ್ತರ: ತಂತೀನ ಒಂದ್ಸಲ ಬಗ್ಗಿಸಿದ್ರೆ ಏನಾಗಲ್ಲ, ಒಂದೇ ಜಾಗದಲ್ಲಿ ಬಗ್ಗಿಸ್ತಾನೇ ಇದ್ರೆ ತುಂಡಾಗುತ್ತಲ್ಲ, ಮೂಳೇಲೂ ಶುರುವಾಗೋದು ಅದೇ ಫಟೀಗ್, ಅಂದ್ರೆ ಸಣ್ಣ ಭಾರಾನೇ ಮತ್ತೆ ಮತ್ತೆ ಬಿದ್ದು ಆಗೋ ಹಾನಿ. ಜೋರಾಗಿ ಓಡುವಾಗ ಮೊಣಕಾಲ ಕೆಳಗಿನ ಟಿಬಿಯಾ ಮೂಳೆ ಹಿಗ್ಗೋದು ಕುಗ್ಗೋದು ಹೆಚ್ಚೂಕಮ್ಮಿ 0.2 ಪರ್ಸೆಂಟ್ ಅಷ್ಟೇ, ಒಂದೇ ಸಲಕ್ಕೆ ಹಾಳಾಗೋಕೆ ಅದರ ಮೂರು ಪಟ್ಟಿಗಿಂತ ಜಾಸ್ತಿ ಬೇಕು, ಆದ್ರೂ ಸಾವಿರಾರು ಹೆಜ್ಜೆ ಸೇರಿದಾಗ ಒಳಗೆ ಸಣ್ಣ ಸಣ್ಣ ಬಿರುಕು ಹುಟ್ಕೊಳುತ್ತೆ.

ಲ್ಯಾಬಲ್ಲಿ ಇದನ್ನ ನೋಡೋ ರೀತಿ ನಂಗೆ ತುಂಬಾ ಇಷ್ಟ. ಮೂಳೆಯಿಂದ ಒಂದು ಚಿಕ್ಕ ಪೀಸ್ ಕತ್ತರಿಸಿ, ಒಣಗಿದ್ರೆ ಗಡಸಾಗಿ ಬೇರೆ ಥರ ಮುರಿಯುತ್ತೆ ಅಂತ ಸಲೈನಲ್ಲಿ ಒದ್ದೆಯಾಗೇ ಇಟ್ಟು, ಸಾಮಾನ್ಯವಾಗಿ 37 ಡಿಗ್ರೀಲಿ, ಮೆಷಿನ್‌ಗೆ ಹಾಕಿ ಎಳೆದು ಬಿಡ್ತಾ ಹೋಗ್ತಾರೆ. ಲೋಡ್ ಅಷ್ಟೇ ಇದ್ರೂ ಪೀಸ್ ಬರ್ತಾ ಬರ್ತಾ ಜಾಸ್ತಿ ಹಿಗ್ಗೋಕೆ ಶುರುವಾಗುತ್ತೆ, ಅಂದ್ರೆ ಬಿಗಿ ಕಳ್ಕೊಳ್ತಿದೆ, ಆಮೇಲೆ ಒಂದ್ಸಲ ಮುರಿಯುತ್ತೆ. ಲೋಡ್ ಸ್ವಲ್ಪ ಏರಿಸಿದ್ರೂ ಎಷ್ಟು ಸಲ ಎಳೆದು ಬಿಟ್ರೆ ತಾಳುತ್ತೆ ಅನ್ನೋ ಲೆಕ್ಕ ಎಷ್ಟೋ ಪಟ್ಟು ಇಳಿಯುತ್ತೆ, ಇದು ಓಡೋರು ಗಮನಿಸ್ಬೇಕಾದ ವಿಷ್ಯ. ಹೆರಾಲ್ಡ್ ಫ್ರಾಸ್ಟ್ ಅನ್ನೋ ಅಮೆರಿಕದ ಮೂಳೆ ಡಾಕ್ಟರ್ 1960ರಲ್ಲಿ ಫುಕ್ಸಿನ್ ಬಣ್ಣ ಇಳಿಸಿ ಈ ಬಿರುಕುಗಳನ್ನ ಮೈಕ್ರೋಸ್ಕೋಪಲ್ಲಿ ತೋರಿಸಿದ್ರು. ಎಷ್ಟೋ ಬಿರುಕು ಆಸ್ಟಿಯಾನ್ ಅನ್ನೋ ಕೊಳವೆಯಾಕಾರದ ರಚನೆಯ ಅಂಚಿಗೆ ಬಂದು ಅಲ್ಲೇ ನಿಂತ್ಬಿಡುತ್ತೆ.

ಆದ್ರೆ ಲ್ಯಾಬಿನ ಪೀಸಿಗೆ ಜೀವ ಇಲ್ಲ, ನಮ್ಮ ಮೂಳೆಗಿದೆ. ಬಿರುಕು ಬಿದ್ದಲ್ಲಿ ಜೀವಕೋಶಗಳ ಎಳೆ ಕತ್ತರಿಸಿ ಅವು ಸಾಯ್ತವೆ, ಅದೇ ರಿಪೇರಿಗೆ ಕರೆ. ಆಸ್ಟಿಯೋಕ್ಲಾಸ್ಟ್ ಕೋಶಗಳು ಬಂದು ಕೆಟ್ಟ ಭಾಗ ಕೊರೆದು ತೆಗೆಯೋಕೆ ಎರಡು ಮೂರು ವಾರ, ಹೊಸ ಮೂಳೆ ತುಂಬೋಕೆ ಹತ್ತತ್ರ ಮೂರು ತಿಂಗಳು. ಈ ನಡುವಿನ ಟೈಮಲ್ಲಿ ಅಲ್ಲಿ ತೂತಿರುತ್ತೆ, ಮೂಳೆ ಮೊದಲಿಗಿಂತ ವೀಕ್! ಆಗ್ಲೂ ಓಟ ನಿಲ್ಲಿಸ್ದೆ ಇದ್ರೆ ಹಾನಿ ರಿಪೇರೀನ ಹಿಂದೆ ಹಾಕುತ್ತೆ. ಸೈನ್ಯಕ್ಕೆ ಹೊಸದಾಗಿ ಸೇರಿದವರಿಗೆ ಟ್ರೈನಿಂಗ್ ಶುರುವಾದ ಕೆಲವು ವಾರಕ್ಕೇ ಇದು ಬರೋದು ಅದಕ್ಕೇನೆ, ಪ್ರಷ್ಯಾದ (ಆಗಿನ ಜರ್ಮನ್ ರಾಜ್ಯ) ಸೇನಾ ಡಾಕ್ಟರ್ ಬ್ರೈಟ್‌ಹೌಪ್ಟ್ ಮಾರ್ಚ್ ಮಾಡೋ ಸೈನಿಕರ ಪಾದದ ಊತ, ನೋವಿನ ಬಗ್ಗೆ 1855ರಲ್ಲೇ ಬರ್ದಿದ್ರು.

ಇನ್ನು ವೈಬ್ರೇಷನ್. ಕೂತಾಗ ಕಾಲಿನ ಮೂಳೆ ಮೇಲೆ ಬೀಳೋ ಭಾರ ಕಮ್ಮಿ, ಹಂಗಾಗಿ ಓಟದ ಥರ ಅಲ್ಲ. ಕಷ್ಟ ಇರೋದು ಬೆನ್ನಿಗೆ. ಕೂತಿರೋ ಮನುಷ್ಯನ ಬೆನ್ನುಮೂಳೆ ಸೆಕೆಂಡಿಗೆ ಸುಮಾರು ಐದು ಸಲ ಅಲುಗಾಡೋ ವೇಗಕ್ಕೆ ತಾನೂ ಸೇರಿ ಜೋರಾಗಿ ಕುಣಿಯುತ್ತೆ, ಟ್ರ್ಯಾಕ್ಟರ್ ಸೀಟಿನ ಅಲುಗಾಟ ಬಹಳಷ್ಟು ಅದೇ ರೇಂಜಲ್ಲಿ ಬರುತ್ತೆ. ಹಾಗಂತ ವೈಬ್ರೇಷನ್ ಅಂದ್ರೆಲ್ಲಾ ಕೆಟ್ಟದ್ದಲ್ಲ, ಕುರಿಗಳ ಮೇಲಿನ ಪ್ರಯೋಗದಲ್ಲಿ ಸೆಕೆಂಡಿಗೆ 30 ಸಲದ ತೀರಾ ಮೆಲ್ಲನೆ ಅಲುಗಾಟ ಮೂಳೇನ ಗಟ್ಟಿ ಮಾಡಿದ್ದೂ ಇದೆ. ಅಲುಗಾಟ ಎಷ್ಟು ಜೋರು, ಎಷ್ಟು ಹೊತ್ತು, ನಡುವೆ ರೆಸ್ಟ್ ಎಷ್ಟು ಅನ್ನೋದೇ ಲೆಕ್ಕ.

ಒಂದು ಮಾತ್ರ ನೆನಪಿರ್ಲಿ: ಒಂದೇ ಜಾಗದಲ್ಲಿ ಬೆರಳಿಟ್ಟು ಒತ್ತಿದ್ರೆ ನೋವು, ಓಡಿದ್ರೆ ಜಾಸ್ತಿ ಅಂದ್ರೆ, ಎಕ್ಸ್‌ರೇ ಕ್ಲಿಯರ್ ಇದೆ ಅಂತ ಮತ್ತೆ ಓಡೋಕೆ ಹೋಗ್ಬೇಡಿ. ಮೊದಲ ಎರಡು ಮೂರು ವಾರ ಎಕ್ಸ್‌ರೇಲಿ ಎಷ್ಟೋ ಸಲ ಕಾಣಲ್ಲ, ಎಂಆರ್‌ಐಲಿ ಮೊದ್ಲೇ ಗೊತ್ತಾಗುತ್ತೆ.