ಬಣ್ಣ ಕೆರೆಯುವ ಮುನ್ನ

ಓಹಿಯೋದ ಹೊಲದಂಚಿನ ಕೊಟ್ಟಿಗೆಯೊಂದರಲ್ಲಿ ಮೂವತ್ತು ವರ್ಷ ಕದಲದೆ ನಿಂತಿದ್ದ 1969ರ ಮಾದರಿಯ ಶೆವ್ರೊಲೆ ಕಮಾರೊ ಕಾರನ್ನು ಕನ್ನಡಿಗ ಗೆಳೆಯರೊಬ್ಬರು ಈ ಬೇಸಿಗೆಯಲ್ಲಿ ಕೊಂಡರು. ಮಾರಿದವರು ‘ಇದು ಝಡ್/28’, ಅಂದರೆ ಕಮಾರೊದ ವಿಶೇಷ ಆವೃತ್ತಿ, ಎಂದಿದ್ದರಂತೆ. ಕಾರು ಮನೆ ಸೇರಿದ ರಾತ್ರಿಯೇ ನನಗೆ ಫೋನು: “ಯಾವ ಪೇಂಟ್ ಹೊಡೆಸಿದ್ರೆ ಫ್ಯಾಕ್ಟರಿಯಿಂದ ಬಂದಂಗೇ ಕಾಣುತ್ತೆ ಸಾರ್? ಮುಂದಿನ ವಾರಾನೇ ಕೆರೆಸೋಕೆ ಶುರು ಮಾಡ್ತೀನಿ.”

“ಉಪ್ಪುಕಾಗದ ಮುಟ್ಟಲೇಬೇಡಿ,” ಅಂದೆ. “ನೀರು ಹಾಕಿ ತೊಳೆಯೋದೂ ಸದ್ಯಕ್ಕೆ ಬೇಡ. ಮೊದಲು ಕಾರನ್ನ ಓದೋಣ.”

ಮಿಶಿಗನ್‌ನಲ್ಲಿ ಹಳೆಯ ಮಸಲ್ ಕಾರುಗಳನ್ನು, ಅಂದರೆ ಬಲವಾದ ಎಂಜಿನ್ನಿನ ಅಮೆರಿಕನ್ ಕಾರುಗಳನ್ನು, ಮೂಲ ಸ್ಥಿತಿಗೆ ತರುವುದು ಇಪ್ಪತ್ತು ವರ್ಷಗಳಿಂದ ನನ್ನ ಕಸುಬು. ರೆಸ್ಟೊರೇಶನ್ ಅನ್ನುವುದಕ್ಕಿಂತ ನಮ್ಮ ‘ಜೀರ್ಣೋದ್ಧಾರ’ ಎಂಬ ಪದವೇ ಈ ಕೆಲಸಕ್ಕೆ ಒಪ್ಪುತ್ತದೆ. ಕೆಲಸದ ಅಪಾಯವೂ ಅದೇ ಪದದ ಜೊತೆ ನೆನಪಾಗುತ್ತದೆ. ಜೀರ್ಣೋದ್ಧಾರವೆಂದು ಕಲ್ಲುಕಂಬಕ್ಕೆ ಆಯಿಲ್ ಪೇಂಟ್ ಬಳಿದು, ಶಾಸನದ ಮೇಲೆ ಟೈಲ್ಸ್ ಕೂರಿಸಿದ ಗುಡಿಗಳನ್ನು ನಮ್ಮ ಕಡೆ ಎಷ್ಟು ನೋಡಿಲ್ಲ! ಮಾಡಿದವರಿಗೆ ಭಕ್ತಿ ಕಡಿಮೆಯಿರಲಿಲ್ಲ, ದುಡ್ಡೂ ಧಾರಾಳವಾಗಿಯೇ ಖರ್ಚಾಗಿತ್ತು. ಅಲ್ಲಿ ಏನು ಬರೆದಿದೆ ಎಂದು ಯಾರೂ ಓದಿರಲಿಲ್ಲ, ಅಷ್ಟೆ. ಕಾರಿನ ಮೈಮೇಲೂ ಶಾಸನವಿರುತ್ತದೆ.

ಝಡ್/28 ಹುಟ್ಟಿದ್ದು ರೇಸಿಗಾಗಿ. ಟ್ರಾನ್ಸ್-ಆ್ಯಮ್ ಸರಣಿಯ ನಿಯಮದಂತೆ ಎಂಜಿನ್ 305 ಘನ ಇಂಚು, ಅಂದರೆ ಐದು ಲೀಟರ್ ಮೀರುವಂತಿರಲಿಲ್ಲ. ಶೆವ್ರೊಲೆ ತನ್ನ 327 ಎಂಜಿನ್ನಿನ ನಾಲ್ಕು ಇಂಚಿನ ಬೋರಿಗೆ (ಸಿಲಿಂಡರಿನ ವ್ಯಾಸ) 283ರ ಮೂರು ಇಂಚಿನ ಸ್ಟ್ರೋಕ್ (ಪಿಸ್ಟನ್ ಚಲಿಸುವ ದೂರ) ಜೋಡಿಸಿ 302 ಘನ ಇಂಚಿನ ಎಂಜಿನ್ ಮಾಡಿತು. 1967ರಲ್ಲಿ ಅಂಥ ಕಾರು ಬರೀ 602 ತಯಾರಾದವು, 1969ರ ಮಾದರಿಯಲ್ಲಿ 20,302. ಇವತ್ತು ಅದರ ಬೆಲೆ ಸಾಮಾನ್ಯ ಕಮಾರೊಗಿಂತ ಬಹಳ ಹೆಚ್ಚಾಗಿರುವುದರಿಂದ, ಪಟ್ಟೆ ಎಳೆದು ಬ್ಯಾಡ್ಜ್ ಅಂಟಿಸಿದ ನಕಲಿಗಳೂ ಬೇಕಾದಷ್ಟಿವೆ.

ಪ್ರತಿ ಕಾರಿಗೂ ಕಾರ್ಖಾನೆ ಕೊಡುವ ಗುರುತಿನ ಸಂಖ್ಯೆ, ಅಂದರೆ ವಿನ್ ಸಂಖ್ಯೆ, ನೋಡಿದರೆ ಗೊತ್ತಾಗುವುದಿಲ್ಲವೇ ಎಂದು ಎಲ್ಲರೂ ಕೇಳುತ್ತಾರೆ. ಆ ವರ್ಷದ ಕಮಾರೊದಲ್ಲಿ ಗೊತ್ತಾಗುವುದಿಲ್ಲ. ಕಾರಿನದು ವಿ8, ಅಂದರೆ ಎಂಟು ಸಿಲಿಂಡರಿನ ಎಂಜಿನ್ ಹೌದೋ ಅಲ್ಲವೋ, ಓಹಿಯೋದ ನಾರ್‌ವುಡ್‌ನಲ್ಲಿ ತಯಾರಾಯಿತೋ ಕ್ಯಾಲಿಫೋರ್ನಿಯಾದ ವ್ಯಾನ್ ನೈಸ್‌ನಲ್ಲೋ ಎಂಬಷ್ಟನ್ನು ಮಾತ್ರ ಅದು ಹೇಳುತ್ತದೆ. ಎಂಜಿನ್ ಹಿಂದಿನ ಗೋಡೆಗೆ ಬಡಿದಿರುವ ಟ್ರಿಮ್ ಟ್ಯಾಗ್‌ನಲ್ಲಿ ಬಣ್ಣ, ಒಳಾಂಗಣ, ತಯಾರಾದ ತಿಂಗಳು ಮತ್ತು ವಾರ ಇರುತ್ತವೆ. 1968ರ ಡಿಸೆಂಬರಿನಿಂದ ನಾರ್‌ವುಡ್‌ನವರು ಅದರಲ್ಲಿ ಎಕ್ಸ್ ಅಕ್ಷರದ ಸಂಕೇತವನ್ನೂ ಒತ್ತತೊಡಗಿದರು. ಎಕ್ಸ್33 ಅಥವಾ ಎಕ್ಸ್77 ಇದ್ದರೆ ಝಡ್/28. ಗೆಳೆಯರ ಟ್ಯಾಗ್‌ನಲ್ಲಿ ಇದ್ದದ್ದು ‘10ಸಿ’, ಅಂದರೆ 1968ರ ಅಕ್ಟೋಬರಿನ ಮೂರನೆಯ ವಾರ; 1969ರ ಮಾದರಿಯ ತಯಾರಿ ಹಿಂದಿನ ವರ್ಷವೇ ಶುರುವಾಗಿತ್ತು. ಆ ಹೊತ್ತಿಗೆ ಎಕ್ಸ್ ಸಂಕೇತ ಇನ್ನೂ ಬಂದೇ ಇರಲಿಲ್ಲ.

ಪಾಂಟಿಯಾಕ್ ಕಾರಾಗಿದ್ದರೆ ಆ ಕಾರುಗಳ ಹಳೆಯ ದಾಖಲೆ ಇಟ್ಟಿರುವ ಪಿಎಚ್‌ಎಸ್ ಸಂಸ್ಥೆಗೆ ಬರೆದು ಮೂಲ ಬಿಲ್ಲಿನ ಪ್ರತಿ ತರಿಸಬಹುದಿತ್ತು. 1967ರ ಅಥವಾ ನಂತರದ ಫೋರ್ಡ್ ಆಗಿದ್ದರೆ ಕಾರ್ಖಾನೆಯ ದಾಖಲೆಯಿಂದ ತೆಗೆದ ಮಾರ್ಟಿ ವರದಿ ಸಿಗುತ್ತಿತ್ತು. ಅಮೆರಿಕದಲ್ಲಿ ಮಾರಾಟವಾದ ಆ ಕಾಲದ ಶೆವ್ರೊಲೆಗೆ ಅಂಥ ಕಡತವಿಲ್ಲ. ವಾರಂಟಿ ಪುಸ್ತಕದ ಜೊತೆ ಕೊಡುತ್ತಿದ್ದ ಪ್ರೊಟೆಕ್ಟ್-ಒ-ಪ್ಲೇಟ್ ಎಂಬ ಪುಟ್ಟ ಲೋಹದ ಬಿಲ್ಲೆ ಉಳಿದಿದ್ದರೆ ಅದೃಷ್ಟ. ಇಲ್ಲದಿದ್ದರೆ ಕಬ್ಬಿಣವೇ ಸಾಕ್ಷಿ.

ಆ ಸಾಕ್ಷಿ ಮುಖ್ಯವಾಗಿ ಇರುವುದು ಎಂಜಿನ್ ಬ್ಲಾಕಿನ ಮುಂಭಾಗದಲ್ಲಿ, ಬಲಗಡೆಯ ಸಿಲಿಂಡರ್ ಹೆಡ್ಡಿನ ಮುಂದೆ ಚಾಚಿಕೊಂಡಿರುವ ಎರಡು ಬೆರಳಗಲದ ಸಮತಟ್ಟು ಜಾಗದಲ್ಲಿ. ಎಂಜಿನ್ ಯಾವ ಕಾರ್ಖಾನೆಯದು, ಯಾವ ದಿನ ಜೋಡಿಸಿದ್ದು, ಯಾವ ಬಗೆಯದು ಎಂಬ ಅಚ್ಚು ಅಲ್ಲಿರುತ್ತದೆ. ವಿ ಅಂದರೆ ಫ್ಲಿಂಟ್ ಊರಿನ ಎಂಜಿನ್ ಕಾರ್ಖಾನೆ, ಕೊನೆಯಲ್ಲಿ ಡಿಝಡ್ ಇದ್ದರೆ 1969ರ 302. ಅದರ ಜೊತೆಗೆ ಕಾರಿನ ವಿನ್ ಸಂಖ್ಯೆಯ ಒಂದು ಭಾಗವೂ ಇರುತ್ತದೆ. ಅಚ್ಚಿನ ಹಿನ್ನೆಲೆಯಲ್ಲಿ, ಬ್ಲಾಕನ್ನು ಹೆರೆದ ಯಂತ್ರ ಬಿಟ್ಟುಹೋದ ಸಮಾನಾಂತರ ಸಣ್ಣ ಗೀರುಗಳಿರುತ್ತವೆ. ಅಕ್ಷರಕ್ಕಿಂತ ಮೊದಲು ನಾನು ನೋಡುವುದು ಈ ಗೀರುಗಳನ್ನು. ಹಳೆಯದನ್ನು ಉಜ್ಜಿ ಹೊಸ ಅಕ್ಷರ ಬಡಿಯುವವರಿಗೆ ಅವನ್ನು ಮತ್ತೆ ಅದೇ ರೀತಿ ಮೂಡಿಸುವುದು ಬಹಳ ಕಷ್ಟ.

ಇದು ನನಗೆ ಹೇಗೆ ಮನದಟ್ಟಾಯಿತು ಎಂಬುದನ್ನು ಹೇಳಬೇಕು. ಕೆಲಸಕ್ಕೆ ಇಳಿದ ಎರಡನೆಯ ವರ್ಷ, ಗಿರಾಕಿಯೊಬ್ಬರ ಅಸಲಿ ಬ್ಲಾಕನ್ನು ಮಷಿನ್ ಶಾಪ್ ಒಂದಕ್ಕೆ ಕಳಿಸಿದ್ದೆ. ಹೆಡ್ ಕೂರುವ ಮೇಲ್ಮೈ ಸಮ ಮಾಡಲು ಅವರು ಇಡೀ ಡೆಕ್ಕನ್ನು ಹೆರೆದರು. ಅಚ್ಚಿನ ಜಾಗವೂ ಅದೇ ಮಟ್ಟದಲ್ಲಿರುವುದರಿಂದ ಅದೂ ಹೋಯಿತು. ಬ್ಲಾಕ್ ಕನ್ನಡಿಯಂತೆ ಹೊಳೆಯುತ್ತ ವಾಪಸ್ ಬಂತು. ಮೂವತ್ತೈದು ವರ್ಷ ಕಾರಿನ ಜೊತೆಗಿದ್ದ ಗುರುತು ಹತ್ತು ನಿಮಿಷದಲ್ಲಿ ಅಳಿದಿತ್ತು. ‘ಆ ಜಾಗ ಮುಟ್ಟಬೇಡಿ’ ಎಂದು ನಾನು ಬರೆದು ಕಳಿಸಿರಲಿಲ್ಲ. ಗಿರಾಕಿಗೆ ಹೇಳುವಾಗ ನನ್ನ ಬಾಯಿ ಒಣಗಿತ್ತು. ಅಂದಿನಿಂದ ನನ್ನಲ್ಲಿಂದ ಹೊರಡುವ ಪ್ರತಿ ಬ್ಲಾಕಿನ ಆ ಜಾಗಕ್ಕೆ ಟೇಪು, ಅದರ ಮೇಲೆ ದಪ್ಪ ಅಕ್ಷರದ ಚೀಟಿ, ಜೊತೆಗೆ ಒಂದು ಫೋಟೊ ಕಡ್ಡಾಯ.

ಅಚ್ಚು ಓದಿದ ಮೇಲೆ ತಾರೀಖು ಕೂಡಿಸುವ ಲೆಕ್ಕ. ಬ್ಲಾಕಿನ ಹಿಂಭಾಗದಲ್ಲಿ ಎರಕ ಹೊಯ್ದ ದಿನ ಇರುತ್ತದೆ: ಎ ಅಂದರೆ ಜನವರಿ, ಬಿ ಅಂದರೆ ಫೆಬ್ರವರಿ. ಗೇರ್‌ಬಾಕ್ಸ್, ಹಿಂದಿನ ಆಕ್ಸಲ್, ಕಾರ್ಬ್ಯುರೇಟರ್, ಎಲ್ಲಕ್ಕೂ ಅದರದೇ ತಾರೀಖುಂಟು. ಎಲ್ಲವೂ ಕಾರು ತಯಾರಾಗುವ ಕೆಲ ವಾರ ಅಥವಾ ಕೆಲ ತಿಂಗಳ ಮೊದಲಿನದಾಗಿರಬೇಕು. ಅಕ್ಟೋಬರಿನ ಕಾರಿನಲ್ಲಿ ಡಿಸೆಂಬರಿನ ಆಕ್ಸಲ್ ಇದ್ದರೆ ಅದು ಆಮೇಲೆ ಬಂದ ನೆಂಟ.

ಈಗ ಬಣ್ಣಕ್ಕೆ ಬರುತ್ತೇನೆ. ಜನರಲ್ ಮೋಟರ್ಸ್ ಆಗ ಬಳಸುತ್ತಿದ್ದದ್ದು ಅಕ್ರಿಲಿಕ್ ಲ್ಯಾಕರ್, ಫೋರ್ಡ್ ಮತ್ತು ಕ್ರೈಸ್ಲರ್ ಬಳಸುತ್ತಿದ್ದದ್ದು ಎನಾಮೆಲ್. ಇಂದಿನ ಬೇಸ್ ಕೋಟ್, ಕ್ಲಿಯರ್ ಕೋಟ್ ಹೊಡೆದರೆ ಕಾರು ಸದಾ ಈಗಷ್ಟೇ ಮಳೆಯಲ್ಲಿ ನೆಂದು ಬಂದಂತೆ ಮಿನುಗುತ್ತದೆ. ಲ್ಯಾಕರಿನ ಹೊಳಪು ತೆಳು, ಹಾಲಿನ ಕೆನೆಯಂತೆ ಮೃದು. ಅದಕ್ಕಿಂತ ಮುಖ್ಯವಾದದ್ದು ಕಾರ್ಖಾನೆಯ ಅವಸರ. ಸಾಲಾಗಿ ಬರುತ್ತಿದ್ದ ಬಾಡಿಗಳಿಗೆ ಬಣ್ಣ ಹೊಡೆಯುತ್ತಿದ್ದವರಿಗೆ ಡಿಕ್ಕಿಯ ಒಳಮೂಲೆಯ ಚಿಂತೆಯಿರಲಿಲ್ಲ. ಬಾಗಿಲ ಸಂದಿನಲ್ಲಿ ಬಣ್ಣ ತೆಳುವಾಗಿರುತ್ತದೆ. ಅಡಿಭಾಗದ ಅಂಚಿನಲ್ಲಿ ಪ್ರೈಮರಿನ ಮೇಲೆ ಮೈಬಣ್ಣದ ತುಂತುರು ಬಿದ್ದಿರುತ್ತದೆ. ಎಂಜಿನ್ನಿಗೆ ಹೊಡೆದ ಕಿತ್ತಳೆ ಬಣ್ಣ ಎಕ್ಸಾಸ್ಟ್ ಮ್ಯಾನಿಫೋಲ್ಡಿನ ಅಂಚಿಗೂ ತಾಗಿ, ಬಿಸಿಗೆ ಸುಟ್ಟುಹೋಗಿರುತ್ತದೆ. ತಪಾಸಣೆ ಮಾಡಿದವರು ಬಳಪದಲ್ಲಿ ಎಳೆದ ಗೆರೆ, ಬ್ರಷ್ಷಿನಲ್ಲಿ ಇಟ್ಟ ಬೊಟ್ಟು ಅಲ್ಲಲ್ಲಿ ಸಿಗುತ್ತವೆ. ಇವೆಲ್ಲವನ್ನೂ ಉಜ್ಜಿ ಅಡಿಭಾಗಕ್ಕೂ ಕನ್ನಡಿಯ ಹೊಳಪು ಕೊಡುವ ಅಂಗಡಿಗಳಿವೆ. ಅವರ ಕೈಚಳಕ ನನಗಿಂತ ಮೇಲಿರಬಹುದು, ಆದರೆ ಅಂಥ ಕಾರು 1968ರಲ್ಲಿ ನಾರ್‌ವುಡ್‌ನ ಬಾಗಿಲು ದಾಟಿರಲಿಲ್ಲ. ನಾನು ಅಳಿಸುವ ಮೊದಲು ಪ್ರತಿ ಬೊಟ್ಟಿನ ಫೋಟೊ ತೆಗೆದು ಅಳತೆ ಬರೆದಿಟ್ಟುಕೊಳ್ಳುತ್ತೇನೆ. ಅಳಿಸದೆ ಉಳಿಸಲಾದರೆ ಇನ್ನೂ ಸಂತೋಷ.

ಬೋಲ್ಟುಗಳ ವಿಷಯದಲ್ಲೂ ಇದೇ ಹಟ ನನಗೆ. ತಲೆಯ ಮೇಲೆ ತಯಾರಕರ ಗುರುತಿರುವ ಹಳೆಯ ಬೋಲ್ಟ್ ಒಂದನ್ನೂ ಎಸೆಯಬೇಡಿ. ತೆಗೆದ ಜಾಗದ ಹೆಸರು ಬರೆದು ಚೀಲದಲ್ಲಿ ಕಟ್ಟಿಡಿ. ಕಪ್ಪು ಫಾಸ್ಫೇಟ್ ಯಾವುದಕ್ಕಿತ್ತು, ಸತುವಿನ ಲೇಪ ಯಾವುದಕ್ಕಿತ್ತು ಎಂಬುದು ವಾಷರಿನ ಅಡಿಯಲ್ಲಿ ಇನ್ನೂ ಉಳಿದಿರುತ್ತದೆ.

ತುಕ್ಕು ಬೇರೆ ಮಾತು, ಅಲ್ಲಿ ದಾಕ್ಷಿಣ್ಯ ಸಲ್ಲದು. ಚಳಿಗಾಲದಲ್ಲಿ ಇಲ್ಲಿಯ ರಸ್ತೆಗೆ ಸುರಿಯುವ ಉಪ್ಪು ಹಿಂಚಕ್ರದ ಮೇಲಿನ ತಗಡಿನ ತಳವನ್ನೂ ಡಿಕ್ಕಿಯ ನೆಲವನ್ನೂ ತಿನ್ನುತ್ತದೆ. ಕಾರಿನ ಮೇಲ್ಛಾವಣಿಗೆ ವಿನೈಲ್ ಹೊದಿಕೆಯಿದ್ದರೆ ಹಿಂದಿನ ಗಾಜಿನ ಸುತ್ತ ನೀರು ಕೂತು ಒಳಗೊಳಗೇ ಕೊಳೆಯುತ್ತದೆ. ಕೆಟ್ಟಷ್ಟನ್ನೇ ಕತ್ತರಿಸಿ, ಕಾರ್ಖಾನೆಯ ಸ್ಪಾಟ್ ವೆಲ್ಡ್ ಇದ್ದ ಅಂತರದಲ್ಲೇ ಮತ್ತೆ ಬೆಸೆಯಬೇಕು. 1969ರ ಕಮಾರೊದ ಇಡೀ ಬಾಡಿಯೇ ಹೊಸದಾಗಿ ಕೊಳ್ಳಲು ಸಿಗುತ್ತದೆ ನಿಜ. ಆದರೆ ಹಳೆಯ ವಿನ್ ತಗಡನ್ನು ಕಿತ್ತು ಅದಕ್ಕೆ ಬಡಿಯುವ ಮಾತಾಡಿದವರನ್ನು ನಾನು ಬಾಗಿಲಿನಿಂದಲೇ ಕಳಿಸಿದ್ದೇನೆ. ಅಮೆರಿಕದ ಕಾನೂನಿನಲ್ಲಿ ವಿನ್ ತಿದ್ದುವುದು ಅಪರಾಧ.

ಕಣ್ಣಿಗೆ ಕಾಣದ ಕಡೆ ಮಾತ್ರ ನಾನು ಕಾಲದ ಜೊತೆ ರಾಜಿಯಾಗುತ್ತೇನೆ. ಈ ಎಂಜಿನ್ನುಗಳು ಸೀಸ ಬೆರೆಸಿದ ಪೆಟ್ರೋಲಿಗೆ ಹುಟ್ಟಿದವು. ಇಂದಿನ ಪೆಟ್ರೋಲಿನಲ್ಲಿ ಜೋರಾಗಿ ಓಡಿಸಿದರೆ ಎಕ್ಸಾಸ್ಟ್ ವಾಲ್ವಿನ ಸೀಟು ಸವೆಯುತ್ತದೆ. ಹೆಡ್ ಬಿಚ್ಚಿದಾಗ ಗಟ್ಟಿ ಉಕ್ಕಿನ ಸೀಟು ಕೂರಿಸುವುದು ಸರಿಯಾದ ಕೆಲಸ. ಕಾರು ಓಡಬೇಕಲ್ಲ.

ಗೆಳೆಯರಿಗೆ ನಾನು ಕೊಟ್ಟ ಮೊದಲ ಕೆಲಸ ಬಟ್ಟೆಗೆ ಸಾಲ್ವೆಂಟ್ ಹಚ್ಚಿ ಬ್ಲಾಕಿನ ಆ ಎರಡು ಬೆರಳು ಜಾಗವನ್ನು ಒರೆಸುವುದು. ವೈರ್ ಬ್ರಷ್ ಕೂಡದು. ಕಳೆದ ಭಾನುವಾರ ಫೋಟೊ ಬಂತು. ಗೀರುಗಳು ಹಾಗೆಯೇ ಇದ್ದವು, ವಿನ್ ಭಾಗ ಕೂಡುತ್ತಿತ್ತು, ಜೋಡಿಸಿದ ದಿನ ಅಕ್ಟೋಬರಿನ ಆರಂಭದ್ದು. ಕೊನೆಯ ಎರಡಕ್ಷರ ಡಿಝಡ್ ಆಗಿರಲಿಲ್ಲ. 300 ಅಶ್ವಶಕ್ತಿಯ 350 ಎಂಜಿನ್ನಿನ ಅಕ್ಷರಗಳು ಅವು.

“ಹಾಗಾದ್ರೆ ಮೋಸ ಹೋದ್ನಾ ಸಾರ್?” ಅಂದರು, ಸಣ್ಣ ದನಿಯಲ್ಲಿ.

ಆ 350 ಆ ವರ್ಷ ಎಸ್‌ಎಸ್ (ಸೂಪರ್ ಸ್ಪೋರ್ಟ್) ಎಂಬ ಇನ್ನೊಂದು ವಿಶೇಷ ಆವೃತ್ತಿಯ ಕಮಾರೊಗಷ್ಟೇ ಬರುತ್ತಿತ್ತು. ಹುಟ್ಟಿದಾಗಿನ ಎಂಜಿನ್ ಇನ್ನೂ ಒಳಗಿರುವ, ಮೈಮೇಲೆ ಮುಕ್ಕಾಲು ಪಾಲು ಹಳೆಯ ಲ್ಯಾಕರ್ ಉಳಿದಿರುವ ಅಸಲಿ ಎಸ್‌ಎಸ್ ಅವರ ಶೆಡ್ಡಿನಲ್ಲಿ ನಿಂತಿತ್ತು. ಯಾರೋ ಆಮೇಲೆ ಅಂಟಿಸಿದ ಝಡ್/28 ಬ್ಯಾಡ್ಜನ್ನು ಬಿಸಿಗಾಳಿಯಿಂದ ಮೆಲ್ಲಗೆ ತೆಗೆಯಲು ಹೇಳಿದೆ. ಬಣ್ಣ ಹೊಡೆಸುವ ಮಾತು ಸದ್ಯಕ್ಕೆ ನಿಂತಿದೆ, ಹಿಂಚಕ್ರದ ಮೇಲೆ ತುಕ್ಕು ತಿಂದ ಒಂದು ಗೇಣಿನಷ್ಟು ಜಾಗ ಮಾತ್ರ ಸರಿಪಡಿಸುತ್ತೇವೆ. ಬರುವ ಶನಿವಾರ ಹಿಂದಿನ ಸೀಟು ಬಿಚ್ಚುವುದಿದೆ. ಆ ಕಾಲದಲ್ಲಿ ಕಾರಿನ ಜೊತೆ ಸಾಲಿನಲ್ಲಿ ಸಾಗುತ್ತಿದ್ದ ಬಿಲ್ಡ್ ಶೀಟ್ ಎಂಬ ಕಾಗದ ಕೆಲವೊಮ್ಮೆ ಸೀಟಿನ ಸ್ಪ್ರಿಂಗುಗಳಲ್ಲಿ ಸಿಕ್ಕಿಕೊಂಡಿರುತ್ತದೆ. ಇಲಿ ತಿನ್ನದೆ ಬಿಟ್ಟಿದ್ದರೆ ಸಿಕ್ಕೀತು.